ಕೆಂಪು ಪಟ್ಟಿಯ ಪೈಪು

"ತೆಗೀರಿ! ಮೊದಲು ಅದನ್ನ ಆಚೆ ತೆಗೀರಿ!"

ಹೆಂಡತಿಯ ಕೂಗಿಗೆ ಗಂಡ ಸಿಳ್ಳೆ ನಿಲ್ಲಿಸಿದ. ಹಳ್ಳದಿಂದ ಹೊತ್ತು ತಂದ ಕ್ಯಾನನ್ನು ಬಂಡೆಯ ಮೇಲಿಟ್ಟು, ಅದರ ನಲ್ಲಿಗೆ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಮನೆಗಾಡಿಯ ಕುಡಿಯುವ ನೀರಿನ ಟ್ಯಾಂಕಿಗೆ ತುರುಕಿದ್ದ. ಮಲಗಲು, ಬೇಯಿಸಲು, ಕಕ್ಕಸಿಗೆ ಹೋಗಲು ಎಲ್ಲಕ್ಕೂ ಒಳಗೇ ಜಾಗವಿದ್ದ ಆ ವ್ಯಾನಿಗೆ ಮನೆಗಾಡಿ ಎಂದು ಹೆಸರಿಟ್ಟವನು ಅವನೇ. ಟ್ಯಾಂಕಿನ ಬಾಯಲ್ಲಿ, ಪೈಪಿನ ತುದಿಗೆ ಹೊಲಿದಿದ್ದ ಕೆಂಪು ಪಟ್ಟಿ ಎದ್ದು ಕಾಣುತ್ತಿತ್ತು.

ಆ ಪಟ್ಟಿ ಹೊಲಿದವಳು ಅವಳು. ಹೊರಡುವ ಮುಂಚೆ ಲೈನಿಂಗ್ ಬಟ್ಟೆಯ ತುಂಡೊಂದನ್ನು ಸುತ್ತಿ, ದಪ್ಪ ದಾರದಲ್ಲಿ ಬಿಗಿದು, "ಕೆಂಪು ಕಕ್ಕಸಿನ ಡಬ್ಬ ತೊಳೆಯೋಕೆ, ಬಿಳೀದು ಕುಡಿಯೋ ನೀರಿಗೆ. ಅಪ್ಪಿತಪ್ಪಿಯೂ ಅದಲುಬದಲು ಮಾಡಬೇಡಿ" ಎಂದು ಮಗುವಿಗೆ ಹೇಳುವಂತೆ ಹೇಳಿದ್ದಳು. ನಿನ್ನೆ ಸಂಜೆ ಪೊದೆಯ ಹಿಂದೆ ಅವನು ಆ ಡಬ್ಬವನ್ನು ಬಗ್ಗಿಸಿ, ಇದೇ ಪೈಪನ್ನು ಅದರೊಳಗೆ ಇಳಿಸಿ ಗಲಬರಿಸುತ್ತಿದ್ದುದನ್ನು ಮೂಗು ಮುಚ್ಚಿಕೊಂಡು ನೋಡಿದ್ದಳು ಬೇರೆ.

"ಬಿಳಿ ಪೈಪೆಲ್ಲಿ?"

"ಒಳಗೆಲ್ಲೋ ಇರಬೇಕು. ಇದನ್ನೂ ಚೆನ್ನಾಗೇ ತೊಳೆದಿದ್ದೀನಿ ಕಣೇ."

"ಎಲ್ಲಿ ಅಂತ ಕೇಳಿದೆ."

ಅವನು ಇಂಗು ತಿಂದ ಮಂಗನಂತೆ ನಿಂತ. "ಮೊದಲನೇ ದಿನ ತಂಗಿದ್ವಲ್ಲ, ಅಲ್ಲೇ ಮರೆತು ಬಂದೆ."

ಅಂದರೆ ಆವತ್ತಿನಿಂದ ಎರಡಕ್ಕೂ ಇದೊಂದೇ ಪೈಪು, ಎಲ್ಲ ತಲೆಗೂ ಒಂದೇ ಮಂತ್ರ! ಬಾಯಿ ಮುಕ್ಕಳಿಸಿದ್ದು, ಪಾತ್ರೆ ತೊಳೆದದ್ದು, ಬಿಸಿಲಲ್ಲಿ ನಡೆದು ಬಂದು ಗಟಗಟ ಕುಡಿದದ್ದು, ಎಲ್ಲವೂ ಅದೇ ನೀರು. ಬೆಟ್ಟದ ನೀರಿನ ರುಚಿಯೇ ಬೇರೆ ಎಂದು ನಿನ್ನೆ ತಾನೇ ಹೊಗಳಿದ್ದು ಅವಳಿಗೆ ನೆನಪಾಯಿತು. ಬೇರೆಯಾಗದೆ ಇನ್ನೇನಾದೀತು! ಗಾಡಿಯ ಗಾಲಿ ಹಿಡಿದು ಬಗ್ಗಿ ವಾಕರಿಸಿದಳು. ಬರಿಯ ಎಂಜಲು ಬಂತು.

"ಆಗಲೇ ಯಾಕೆ ಬಾಯಿ ಬಿಡಲಿಲ್ಲ?"

"ಹೇಳಿದ್ರೆ ನೀನು ಮನೆ ಬಿಡೋಕೆ ಒಪ್ತಿದ್ಯಾ?"

ಲಿಫ್ಟ್ ರಿಪೇರಿ ಕೆಲಸದಿಂದ ನಿವೃತ್ತನಾದಂದಿನಿಂದ ಅವನಿಗೆ ಅದೊಂದೇ ಜಪ. ಬಾಡಿಗೆ ಮನೆ ಬಿಟ್ಟು ಗಾಡಿಯಲ್ಲೇ ಇದ್ದುಬಿಡೋಣ ಎನ್ನುತ್ತಿದ್ದ. ಮನೆ ಬಿಟ್ಟರೆ ಅವಳು ಹೊಲಿಯುವ ಮುಂದಿನ ಕೋಣೆ ಹೋಗುತ್ತಿತ್ತು. ಬಟ್ಟೆ ಕತ್ತರಿಸುವ ಅಗಲವಾದ ಮೇಜು, ಸಂಜೆಯವರೆಗೂ ಬೆಳಕು ಕೊಡುವ ಕಿಟಕಿ, ಅಳತೆ ಕೊಡಲು ಬಂದು ಊರ ಸುದ್ದಿಯೆಲ್ಲ ಹೇಳಿ ಹೋಗುವ ಹೆಂಗಸರು. ಒಂದು ಸಲ ಹೋಗಿ ನೋಡೋಣ, ಆಮೇಲೆ ಹೇಳುತ್ತೇನೆ ಎಂದು ಹೊರಟವಳ ಮನಸ್ಸು ನಿನ್ನೆ ಊಟದ ಹೊತ್ತಿಗೆ ಮುಕ್ಕಾಲುಪಾಲು ಕರಗಿತ್ತು. 'ಹೂಂ' ಎನ್ನುವುದೊಂದೇ ಬಾಕಿ.

ಬಾಯಿ ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತ ಅವಳು ಮುಂದಿನ ಬಾಗಿಲು ತೆಗೆದಳು. ಅವನ ಸೀಟಿನ ಕೆಳಗೆ ಕೈ ಹಾಕಿದರೆ ಬಟ್ಟೆಯ ಬದಲು ಬಾಟಲಿ ಸಿಕ್ಕಿತು. ಅದರ ಹಿಂದೆ ಇನ್ನೊಂದು. ಅಂಗಡಿಯಲ್ಲಿ ಕೊಂಡ ಕುಡಿಯುವ ನೀರು. ಕೆಲವು ಖಾಲಿ, ಕೆಲವಕ್ಕೆ ಮುಚ್ಚಳವನ್ನೇ ತಿರುಗಿಸಿರಲಿಲ್ಲ.

"ಇದೇನ್ರೀ?"

ಅವನು ನೆಲ ನೋಡಿದ. "ನನ್ನ ಹೊಟ್ಟೆ ನಿನಗೆ ಗೊತ್ತಲ್ಲ. ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ತಡೆಯಲ್ಲ. ನೀನಾದ್ರೆ ಗಟ್ಟಿ."

"ಓ, ನಾನು ಗಟ್ಟಿ."

"ಆ ನೀರಲ್ಲಿ ಬೇಯಿಸಿದ್ದನ್ನೆಲ್ಲ ನಾನೂ ತಿಂದಿಲ್ವೇನೇ? ಬರೀ ಹಸಿ ನೀರಷ್ಟೇ..."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಕುಡಿದಿದ್ದಾನೆ, ಎದುರಿಗೆ ತಾನು ಟ್ಯಾಂಕಿನ ನೀರು ಕುಡಿಯುವುದನ್ನು ನೋಡುತ್ತಲೇ! ಇಷ್ಟು ಹೊತ್ತು ಪೈಪಿನ ಮೇಲಿದ್ದ ಹೇಸಿಗೆಯೆಲ್ಲ ಈಗ ಅವನ ಮೇಲೆ ತಿರುಗಿತು. ನೀಟಾಗಿ ಬೋಳಿಸಿದ ಆ ಗಲ್ಲ, ಸಿಳ್ಳೆ ಹಾಕುವ ಆ ತುಟಿ, ಯಾವುದನ್ನೂ ನೋಡಲಾಗಲಿಲ್ಲ ಅವಳಿಗೆ.

ಅವಳು ಹಿಂದಕ್ಕೆ ಹೋದಳು. ಒಳಗಿನ ನಲ್ಲಿಯಿಂದ ಗಾಜಿನ ಲೋಟದ ತುಂಬ ನೀರು ಹಿಡಿದು ತಂದು ಮಡಚುವ ಮೇಜಿನ ಮೇಲಿಟ್ಟಳು. ಕುರ್ಚಿಯನ್ನೂ ಎಳೆದು ಕೊಟ್ಟಳು.

"ಕುಡೀರಿ. ಇದೊಂದು ಲೋಟ ಕುಡಿದುಬಿಡಿ. ಹೋದ ತಕ್ಷಣ ಮನೆ ಖಾಲಿ ಮಾಡೋಣ. ನನ್ನ ಮಿಷನ್ನೂ ಮಾರಿಬಿಡ್ತೀನಿ."

"ನಿಜವಾಗ್ಲೂ?"

"ನಾನು ಯಾವತ್ತಾದ್ರೂ ನಿಮಗೆ ಸುಳ್ಳು ಹೇಳಿದ್ದೀನಾ?"

ಅವನು ಕೂತ. ಲೋಟದ ನೀರು ತಿಳಿಯಾಗಿತ್ತು, ಒಂದು ಕಸವೂ ಇರಲಿಲ್ಲ. ಎತ್ತಿ ಬೆಳಕಿಗೆ ಹಿಡಿದು ನೋಡಿದ. ಅವಳತ್ತ ನೋಡಿ ನಗಲು ನೋಡಿದ. ಅವಳು ನಗಲಿಲ್ಲ. ಕೊನೆಗೆ ಲೋಟವನ್ನು ಬಾಯಿಗೆ ತಂದು ಕಣ್ಣು ಮುಚ್ಚಿ ಓರೆ ಮಾಡಿದ. ಅವಳು ಅವನ ಗಂಟಲನ್ನೇ ನೋಡುತ್ತಿದ್ದಳು. ಅದು ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಇಳಿಯಲಿಲ್ಲ.

ಲೋಟ ತುಂಬಿದ್ದ ಹಾಗೆಯೇ ಮೇಜಿಗೆ ವಾಪಸು ಬಂತು. ಅವನು ಅಂಗಿಯ ತೋಳಿನಿಂದ ತುಟಿ ಒರೆಸಿಕೊಂಡ. ಸ್ವಲ್ಪ ಹೊತ್ತು ಬಿಟ್ಟು, ಇನ್ನೊಂದು ತೋಳಿನಿಂದ ಮತ್ತೆ ಒರೆಸಿಕೊಂಡ.