ಈಶಾನ್ಯಕ್ಕೆ ಭಾರ ಹಾಕಬಾರದು

ನನ್ನ ಗಂಡ ರಾಜಶೇಖರ್ ತನ್ನ ಗೊಬ್ಬರದ ಅಂಗಡಿಯಲ್ಲಿ ಯಾವ ರೈತನ ಮಾತನ್ನೂ ನಂಬುವುದಿಲ್ಲ. ಮೂಟೆ ಒದ್ದೆಯಾಗಿತ್ತು ಎಂದು ಯಾರಾದರೂ ಬಂದರೆ, ಮೂಟೆಯನ್ನೇ ಹೊತ್ತು ತಂದು ತೋರಿಸು ಎನ್ನುತ್ತಾನೆ. ಅದೇ ಮನುಷ್ಯ, ಗುಂಡ್ಲುಪೇಟೆಯಿಂದ ಸ್ಕೂಟರಿನಲ್ಲಿ ಬರುವ ಮರಿಮಲ್ಲಪ್ಪನವರು ನಮ್ಮ ಅಂಗಳದಲ್ಲಿ ನಿಂತು ದಿಕ್ಸೂಚಿ ತಿರುಗಿಸಿದರೆ ಬಾಯಿಗೆ ಬೀಗ ಹಾಕಿಕೊಂಡು ಕೈಮುಗಿಯುತ್ತಾನೆ. ಈ ಮರಿಮಲ್ಲಪ್ಪನವರು ಮೊದಲು ಬೋರ್‌ವೆಲ್ ಪಾಯಿಂಟ್ ತೋರಿಸುತ್ತಿದ್ದವರು. ತೋರಿಸಿದ ಕಡೆಯೆಲ್ಲ ಬರೀ ಧೂಳು ಬಂದು, ಜನ ಅಟ್ಟಿಸಿಕೊಂಡು ಹೋದ ಮೇಲೆ ವಾಸ್ತುವಿಗೆ ಇಳಿದರು. ವಾಸ್ತುವಿನಲ್ಲಿ ಒಂದು ಅನುಕೂಲವಿದೆ. ನೀರು ಬಂತೋ ಇಲ್ಲವೋ ಎಂದು ಯಾರೂ ಬಗ್ಗಿ ನೋಡುವುದಿಲ್ಲ.

ಹೋದ ವರ್ಷ ಅವರು ಅಪ್ಪಣೆ ಕೊಡಿಸಿದ್ದು ಆಮೆ. ಹಿತ್ತಾಳೆಯದಲ್ಲ, ಅದು ನಮ್ಮ ಹರದನಹಳ್ಳಿಯ ಮನೆಮನೆಯಲ್ಲೂ ಇದೆ. ಜೀವ ಇರುವ ಆಮೆ, ಅದೂ ಜೋಡಿ. ನಮ್ಮ ಕಡೆಯ ನಕ್ಷತ್ರ ಆಮೆಯನ್ನು ಮುಟ್ಟಿದರೆ ಜೈಲು ಎಂದು ನಾನು ಹೇಳಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು, ಅಷ್ಟು ಹೇಳಲೇಬೇಕಿತ್ತು. ನನ್ನ ಗಂಡ ಎಲ್ಲೆಲ್ಲೋ ವಿಚಾರಿಸಿ ಆಫ್ರಿಕಾ ಕಡೆಯ ಎರಡು ಆಮೆ ತಂದ. ಅವನ್ನು ಸಾಕಬೇಕಾದರೆ ಅರಣ್ಯ ಇಲಾಖೆಯಲ್ಲಿ ನೋಂದಣಿ ಆಗಬೇಕು. ಅರ್ಜಿಯನ್ನು ನನ್ನ ಹೆಸರಿನಲ್ಲಿ ಹಾಕಿದ.

"ನನ್ನ ಹೆಸರು ಯಾಕೆ?" ಎಂದು ಕೇಳಿದೆ.

"ನಿನ್ನ ಜಾತಕದಲ್ಲಿ ಜಲರಾಶಿ ಬಲವಾಗದೆ ಕಣೆ. ಮರಿಮಲ್ಲಪ್ಪನೋರೇ ಹೇಳವ್ರೆ."

ಮರಳುಗಾಡಿನ ಆಮೆಗೆ ಜಲರಾಶಿ! ನನಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಸಹಿ ಹಾಕಿದೆ. ಆ ನಗುವನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನಮ್ಮ ಅತ್ತೆ ಚಿಕ್ಕಮಲ್ಲಮ್ಮನವರು ಮಾತ್ರ ಆಮೆಗಳನ್ನು ಕಂಡ ದಿನವೇ ಸೆರಗು ಬಿಗಿದು ನಿಂತರು. ಅವರ ತವರು ತಾಳವಾಡಿ. "ಆಮೆ ಹೊಕ್ಕ ಮನೆ, ಕೋರ್ಟ್ ಅಮೀನ ಹೊಕ್ಕ ಮನೆ ಉದ್ಧಾರ ಆಗಲ್ಲ ಅಂತಾರೆ ನಮ್ಮೂರಲ್ಲಿ. ನೀನು ಕಾಸು ಕೊಟ್ಟು ತಂದಿದ್ದೀಯಲ್ಲೋ ಮಗ" ಎಂದರು.

"ಅದು ಹಳೇ ಕಾಲದ ಮೂಢನಂಬಿಕೆ ಕಣವ್ವ, ಸುಮ್ಕಿರು" ಎಂದ ನನ್ನ ಗಂಡ, ಹೊಸ ಕಾಲದ ಆಮೆಗಳಿಗೆ ಕುಬೇರ, ಲಕ್ಷ್ಮಿ ಎಂದು ಹೆಸರಿಟ್ಟು ಕುಂಕುಮ ಹಚ್ಚಿದ.

ಕುಬೇರನಿಗೆ ಕುಂಕುಮ ಬೇಕಿರಲಿಲ್ಲ, ಮಣ್ಣು ಬೇಕಿತ್ತು. ಮೊದಲ ವಾರವೇ ತಂತಿ ಬಲೆಯ ಅಡಿಯಲ್ಲಿ ತೋಡಿಕೊಂಡು ದನದ ಕೊಟ್ಟಿಗೆಗೆ ಹೋಗಿ ಕೂತಿತ್ತು. ಮತ್ತೆಮತ್ತೆ ಹಿಡಿದು ತಂದು, ಮೂರು ತಿಂಗಳಿಗೆ ಸಾಕಾಗಿ ಗಾರೆ ಕೆಲಸದ ಚಿಕ್ಕಯ್ಯನನ್ನು ಕರೆಸಿದೆವು. ಅವನು ಬಂದವನೇ ಅಳತೆ ಟೇಪು ಬಿಚ್ಚಲಿಲ್ಲ. ಟೀ ಕುಡಿಯುತ್ತಾ ಅರ್ಧ ಗಂಟೆ ಆಮೆಗಳನ್ನೇ ನೋಡುತ್ತಾ ಕುಕ್ಕರುಗಾಲಲ್ಲಿ ಕೂತ. ಆಮೇಲೆ ಹೇಳಿದ:

"ಟೀಚರಮ್ಮ, ಇದು ಮೇಲೆ ಅತ್ತೋ ಪ್ರಾಣಿ ಅಲ್ಲ, ಕೆಳಿಕ್ಕೆ ಓಗೋದು. ಗೋಡೆ ಎಷ್ಟು ಎತ್ತರ ಕಟ್ಟುದ್ರೂ ದಂಡ. ಎರಡಡಿ ಆಳ ತಗ್ದು ಸುತ್ತ ಚಪ್ಪಡಿ ನಿಲ್ಸನ. ಮೂಲೆಗಳ ಇನ್ನೂ ಬಿಗಿ ಮಾಡ್ಬೇಕು. ನೋಡಿ, ಗೋಡೆ ಸವರ್ಕಂಡು ಓಯ್ತದೆ, ಮೂಲೆ ಸಿಕ್ತಿದ್ದಂಗೆ ಅಲ್ಲೇ ಕೆರೀತದೆ."

ಆ ಅರ್ಧ ಗಂಟೆಯಲ್ಲಿ ಅವನು ಕಂಡಷ್ಟನ್ನು ನನ್ನ ಗಂಡ ಮೂರು ತಿಂಗಳಲ್ಲಿ ಕಂಡಿರಲಿಲ್ಲ. ಕರಿಕಲ್ಲಿನ ಕ್ವಾರಿಯಿಂದ ಒಡಕು ಚಪ್ಪಡಿ ತರಿಸಿದೆವು. ಮೂರು ಮೂಲೆ ಮುಗಿದು ನಾಲ್ಕನೆಯದಕ್ಕೆ ಹಾರೆ ಹಾಕುವ ಹೊತ್ತಿಗೆ ಬಾಗಿಲಲ್ಲಿ ಸ್ಕೂಟರ್ ನಿಂತಿತು.

"ಈಶಾನ್ಯ!" ಎಂದು ಮರಿಮಲ್ಲಪ್ಪನವರು ಹಾವು ತುಳಿದವರ ಹಾಗೆ ಕೂಗಿದರು. "ಈಶಾನ್ಯಕ್ಕೆ ಭಾರ ಹಾಕಬಾರದು. ಅದು ಹಗುರಾಗಿರಬೇಕು, ತಗ್ಗಾಗಿರಬೇಕು. ಬೇಕಾದ್ರೆ ಒಂದು ಬಿಲ್ವದ ಸಸಿ ನೆಡಿ."

ಚಿಕ್ಕಯ್ಯ ನನ್ನ ಮುಖ ನೋಡಿದ. ನನ್ನ ಗಂಡನೂ ನೋಡಿದ. ನಾನು ಆಗ ಒಂದು ಮಾತು ಆಡಬಹುದಿತ್ತು. ಒಳಗೆ ಒಂದು ಕಟ್ಟು ಉತ್ತರಪತ್ರಿಕೆ ಕಾಯುತ್ತಿತ್ತು, ಸಂಜೆಯ ಜಗಳ ಬೇಡವಾಗಿತ್ತು. "ಅವರು ಹೇಳಿದ ಹಾಗೇ ಬಿಡು ಚಿಕ್ಕಯ್ಯ" ಎಂದೆ. ಮೂಢರನ್ನು ಬೈಯುವಾಗ ನನ್ನ ಈ ಮಾತನ್ನೂ ಸೇರಿಸಿಯೇ ಬೈಯುತ್ತೇನೆ.

ಬಿಲ್ವದ ಸಸಿಯನ್ನು ಲಕ್ಷ್ಮಿ ಎರಡನೆಯ ದಿನ ತಿಂದು ಮುಗಿಸಿತು. ಸಸಿ ಇದ್ದ ಜಾಗದಲ್ಲಿ ಕುಬೇರ ಕೆರೆಯತೊಡಗಿತು. ನಾನು ತೋರಿಸಿದರೆ, "ಈಶಾನ್ಯದಲ್ಲಿ ಗುಂಡಿ ಬಿದ್ರೆ ಒಳ್ಳೇದೇ ಕಣೆ. ಸಂಪು ತೋಡ್ಸೋದು ಎಲ್ಲಿ ಮತ್ತೆ?" ಎಂದ ನನ್ನ ಗಂಡ. ದಡ್ಡನಿಗೆ ಶಾಸ್ತ್ರ ಸಿಕ್ಕರೆ ಎರಡು ಕಡೆಯೂ ಹರಿತ.

ಅಷ್ಟರಲ್ಲಿ ಅರಣ್ಯ ಇಲಾಖೆಯಿಂದ ನನ್ನ ಫೋನಿಗೆ ಮೆಸೇಜು ಬಂತು. ಗುರುವಾರ ಹನ್ನೊಂದು ಗಂಟೆಗೆ ಪ್ರಾಣಿಗಳ ಪರಿಶೀಲನೆ, ಮಾಲೀಕರು ಹಾಜರಿರಬೇಕು. ನಾನು ಸರ್ಕಾರಿ ನೌಕರಳು. ನೋಂದಣಿ ಮಾಡಿಸಿದ ಪ್ರಾಣಿ ಕಾಣೆಯಾಗಿದೆ ಎಂದು ಒಂದು ಕಾಗದ ನನ್ನ ಇಲಾಖೆಗೆ ಹೋದರೆ ಪಿಂಚಣಿಯವರೆಗೂ ಬೆನ್ನು ಬಿಡುವುದಿಲ್ಲ. ಬುಧವಾರ ಎರಡು ಸಲ ಗುಂಡಿ ಮುಚ್ಚಿ, ಮೇಲೆ ಒರಳುಕಲ್ಲು ಉರುಳಿಸಿ ಮಲಗಿದೆ. ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ಒರಳುಕಲ್ಲು ಪಕ್ಕಕ್ಕಿತ್ತು. ಅದನ್ನು ಸರಿಸಿದ್ದು ಆಮೆಯಲ್ಲ, ನನ್ನ ಗಂಡ. ಈಶಾನ್ಯಕ್ಕೆ ಭಾರವಾಯಿತಂತೆ. ಕುಬೇರ ಇರಲಿಲ್ಲ.

ನನ್ನ ಗಂಡ ಶಾಂತವಾಗಿ ಮರಿಮಲ್ಲಪ್ಪನವರಿಗೆ ಫೋನ್ ಮಾಡಿದ, ವಿಭೂತಿ ಹಚ್ಚಿಕೊಂಡ, ಗುಂಡಿಯ ಬಾಯಲ್ಲಿ ಎಣ್ಣೆ ದೀಪ ಹಚ್ಚಿಟ್ಟು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ. "ಹೋದ ದಾರೀಲೇ ವಾಪಸ್ ಬತ್ತದಂತೆ" ಎಂದ.

"ಎದ್ದು ಹುಡುಕಿ" ಎಂದೆ.

"ಯಜಮಾನ ಕದಲಬಾರ್ದಂತೆ ಕಣೆ."

ಅವನ ಮುಖ ನೋಡಿದರೆ ಹೇಸಿಗೆಯಾಯಿತು. ಶಾಲೆಗೆ ರಜೆ ಹೇಳಿ ಚಿಕ್ಕಯ್ಯನಿಗೆ ಫೋನ್ ಮಾಡಿದೆ. ಬಿಸಿಲೇರಿದರೆ ಅದು ದೂರ ಹೋಗದು, ಎಲ್ಲಾದರೂ ನೆರಳಿನಲ್ಲಿ ಮತ್ತೆ ತೋಡಿಕೊಂಡು ಕೂರುತ್ತದೆ ಎಂದ ಚಿಕ್ಕಯ್ಯ. ಇಬ್ಬರೂ ಬೇಲಿ ಸಾಲುಗಳನ್ನೆಲ್ಲ ಕೋಲಿನಿಂದ ಕೆದಕಿ ನೋಡಿದೆವು. ಹತ್ತೂವರೆಗೆ ಪಕ್ಕದ ಹೊಲದ ಮಂಚಮ್ಮ ಕೂಗಿದಳು.

"ಟೀಚರಮ್ಮೋ, ಬಿರ್ರನೆ ಬನ್ನಿ! ನಿಮ್ಮ ಕುಬೇರ ನನ್ನ ಕುಂಬಳಬಳ್ಳಿ ಬುಡ್ದಲ್ಲಿ ಅವ್ನೆ! ಕಲ್ಲು ಅಂದ್ಕಂಡು ಗುದ್ದಲೀಲಿ ಒಡ್ದುಬುಟ್ಟೆ ಕಣವ್ವ!"

ಅರ್ಧ ಮಣ್ಣಿನೊಳಗಿತ್ತು. ಚಿಪ್ಪಿನ ಅಂಚಿನಲ್ಲಿ ಒಂದು ಚೂರು ಹಾರಿ ರಕ್ತ ಒಸರುತ್ತಿತ್ತು. ಇನ್ನು ನಾಲ್ಕು ಬೆರಳು ಈಚೆ ಬಿದ್ದಿದ್ದರೆ ತಲೆ. ಚಿಕ್ಕಯ್ಯ ಕೈಯಲ್ಲೇ ಮಣ್ಣು ಬಗೆದು ಎತ್ತಿ ನನ್ನ ಮಡಿಲಿಗಿಟ್ಟ. ಕುಬೇರ ಮುಂಗಾಲುಗಳನ್ನು ಇನ್ನೂ ಗಾಳಿಯಲ್ಲಿ ಕೆರೆಯುತ್ತಲೇ ಇತ್ತು. ನನಗೆ ಅಳು ಬಂತು. ಪಾಪದ ಪ್ರಾಣಿ ಯಾರ ಅದೃಷ್ಟ ಹೊತ್ತುಕೊಂಡೂ ಬಂದಿರಲಿಲ್ಲ.

ನಾವು ಮರಳುವ ಹೊತ್ತಿಗೆ ಇಲಾಖೆಯ ದೇವರಾಜು ಅಂಗಳದಲ್ಲಿ ನಿಂತು ದೀಪವನ್ನೇ ನೋಡುತ್ತಿದ್ದರು. "ಶಶಿರೇಖಾ ಅಂದ್ರೆ ನೀವೇನಾ ಮೇಡಂ? ಈ ಮೂಲೆಗೆ ಯಾಕೆ ಕಲ್ಲು ಹಾಕಿಲ್ಲ?" ಎಂದು ಕೇಳಿದರು.

ನನ್ನ ಗಂಡ ವಾಸ್ತು ವಿವರಿಸಿದ. ಅವರು ಪೂರ್ತಿ ಕೇಳಿಸಿಕೊಂಡು, ಕುಬೇರನ ಗಾಯದ ಫೋಟೋ ತೆಗೆದು, "ಗಾಯ ಆಗಿದೆ, ಬೇಲಿ ಸರಿಯಿಲ್ಲ ಅಂತ ಬರೀತೀನಿ. ಹದಿನೈದು ದಿನದಲ್ಲಿ ಸರಿಯಾಗದಿದ್ರೆ ನೋಟಿಸು ಮಾಲೀಕರಿಗೆ ಹೋಗುತ್ತೆ" ಎಂದರು.

"ಮಾಲೀಕ್ರು ಇವ್ಳೇ ಸಾರ್. ಎಲ್ಲಾ ಇವ್ಳ ಹೆಸ್ರಲ್ಲೇ ಅದೆ" ಎಂದ ನನ್ನ ಗಂಡ. ಬಂದವರಿಗೆ ಕಾಫಿ ಬೇಕೇ ಎಂದು ಕೇಳುವಷ್ಟೇ ಸಲೀಸಾಗಿ ಹೇಳಿದ, ಮುಗುಳ್ನಗೆಯೂ ಇತ್ತು.

ಜಾತಕದ ಜಲರಾಶಿ ಏನೆಂದು ನನಗೆ ಆಗ ತಿಳಿಯಿತು. ವಿಜ್ಞಾನ ಓದಿದವಳಿಗೆ ಅಷ್ಟು ದಿನ ಬೇಕಾಯಿತು.

"ಇದನ್ನು ಇವರ ಹೆಸರಿಗೆ ವರ್ಗಾಯಿಸಬಹುದೇ?" ಎಂದು ದೇವರಾಜು ಅವರನ್ನು ಕೇಳಿದೆ.

"ಇಬ್ರೂ ಸಹಿ ಮಾಡಿ ಅರ್ಜಿ ಕೊಟ್ರೆ ಮುಂದಕ್ಕೆ ಕಳಿಸ್ತೀನಿ ಮೇಡಂ."

"ಈಗಲೇ ಕೊಡುತ್ತೇವೆ. ಇವರ ಆಮೆ, ಇವರ ಈಶಾನ್ಯ."

"ಏಯ್, ಇದೇನೇ?" ಎಂದ. ಆದರೆ ಎದುರಿಗೆ ಅಧಿಕಾರಿ, ಪಕ್ಕದಲ್ಲಿ ಚಿಕ್ಕಯ್ಯ, ಬೇಲಿಯ ಮೇಲೆ ಮಂಚಮ್ಮನ ತಲೆ. ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತಿತ್ತು. ಅರ್ಜಿ ಬರೆದು ಮೊದಲು ನಾನು ಸಹಿ ಮಾಡಿದೆ. ಪೆನ್ನು ಅವನ ಕೈಗೆ ಕೊಟ್ಟೆ. ಸಹಿ ಮಾಡಿದವನು ಪೆನ್ನಿನ ಮುಚ್ಚಳ ಹಾಕುವುದನ್ನೂ ಮರೆತು ಆ ಗುಂಡಿಯನ್ನು ನೋಡಿದ. ಅಷ್ಟು ದಿನದಲ್ಲಿ ಅದನ್ನು ಅವನು ಗುಂಡಿ ಎಂದು ನೋಡಿದ್ದು ಆಗಲೇ.

"ಲೋ ಚಿಕ್ಕಯ್ಯ, ಚಪ್ಪಡಿ ಇನ್ನೆಷ್ಟವೆಲಾ?"

"ನಾಕವೆ ಅಣ್ಣೋರೆ."

"ಈಗ್ಲೇ ಇಳ್ಸು. ಎರಡಡಿ ಸಾಲ್ದು, ಮೂರಡಿ ತಗಿ."

"ಈಶಾನ್ಯ ಅಲ್ವಾ ಅಣ್ಣೋರೆ?" ಚಿಕ್ಕಯ್ಯ ನಗಲಿಲ್ಲ. ಅವನ ಸಂಯಮ ದೊಡ್ಡದು.

"ಈಶಾನ್ಯ ಗೀಶಾನ್ಯ ಆಮೇಲೆ ನೋಡನ, ಮೊದ್ಲು ಕಲ್ಲು ಹಾಕ್ಲಾ!" ಎಂದು ದೀಪವನ್ನು ಕಾಲಿನಿಂದಲೇ ಆಚೆ ಸರಿಸಿದ.

ಮಧ್ಯಾಹ್ನ ಮರಿಮಲ್ಲಪ್ಪನವರ ಫೋನ್ ಬಂತು, ನನ್ನ ಗಂಡ ನಡೆದದ್ದು ಹೇಳಿದ. ಯಜಮಾನನ ಹೆಸರಿನಲ್ಲಿದ್ದರೆ ಈಶಾನ್ಯ ಸ್ವಲ್ಪ ಭಾರ ತಡೆಯುತ್ತದಂತೆ. ನಾನು ಕುಬೇರನ ಗಾಯಕ್ಕೆ ಔಷಧಿ ಹಚ್ಚುತ್ತಿದ್ದೆ, ತಲೆ ಎತ್ತಲಿಲ್ಲ.

ಸಂಜೆ ಕೋಣೆಯ ಬೀರು ತೆಗೆದು ಹಳೆಯ ಫೈಲುಗಳನ್ನು ನೆಲಕ್ಕೆ ಸುರಿದುಕೊಂಡು ಕೂತೆ. ಇನ್ಶೂರೆನ್ಸ್ ಇಲ್ಲದೆ ಓಡಾಡುವ ಟೆಂಪೊ ನನ್ನ ಹೆಸರಿನಲ್ಲಿತ್ತು. ಗೋಡೆ ಬಿರುಕು ಬಿಟ್ಟ ಗೋದಾಮು ನನ್ನ ಹೆಸರಿನಲ್ಲಿತ್ತು. ಅವನ ದಾಯಾದಿಗಳು ಕೋರ್ಟಿಗೆ ಹಾಕಿರುವ ಸೈಟೂ ನನ್ನ ಹೆಸರಿನಲ್ಲೇ. ಅಂಗಡಿಯಾಗಲಿ ತೋಟವಾಗಲಿ ಒಂದರಲ್ಲೂ ನನ್ನ ಹೆಸರಿರಲಿಲ್ಲ. ಕಾಗದಗಳ ಮೇಲೆಲ್ಲ ನನ್ನದೇ ದುಂಡು ಸಹಿ, ಎಲ್ಲವನ್ನೂ ನಗುತ್ತಲೇ ಹಾಕಿದ್ದೆ.

ಅತ್ತೆ ಬಾಗಿಲಲ್ಲಿ ಬಂದು ನಿಂತರು. "ಏನ್ ಹುಡುಕ್ತಾ ಇದ್ದೀಯವ್ವ?"

"ನನ್ನ ಹೆಸ್ರಲ್ಲಿ ಇನ್ನೆಷ್ಟು ಆಮೆ ಅವೆ ಅಂತ ನೋಡ್ತಿದ್ದೀನಿ ಅತ್ತೆ."

ಅವರು ಒಳಗೆ ಹೋಗಿ ಕನ್ನಡಕ ತಂದು ನನ್ನ ಪಕ್ಕದಲ್ಲಿ ನೆಲಕ್ಕೆ ಕೂತರು.

"ಹೆಬ್ಬೆಟ್ಟು ಒತ್ತಿರವು ಇದ್ರೆ ಬ್ಯಾರೆ ಮಡಗವ್ವ" ಎಂದರು. "ಅವು ನಂದು."