ದೆಹಲಿಯಿಂದ ಕಾಮಗೆರೆಗೆ

ದೆಹಲಿಯಿಂದ ಬೆಂಗಳೂರಿಗೆ ನೇರ ದೂರ ಸಾವಿರದ ಏಳುನೂರು ಚಿಲ್ಲರೆ ಕಿಲೋಮೀಟರ್, ವಿಮಾನದಲ್ಲಿ ಎರಡು ಗಂಟೆ ಐವತ್ತು ನಿಮಿಷ. ನನಗಿದು ಬಾಯಿಪಾಠ. ಹನ್ನೊಂದು ವರ್ಷದಿಂದ ದೆಹಲಿಯಲ್ಲಿ ಲಿಫ್ಟ್ ರಿಪೇರಿ ಮಾಡಿಕೊಂಡು ಒಬ್ಬನೇ ಇದ್ದೇನೆ. ಕೊಳ್ಳೇಗಾಲದ ಹತ್ತಿರದ ಧನಗೆರೆಯಿಂದ ತಂಗಿ ಶಿವನಂಜಮ್ಮ ಫೋನ್ ಮಾಡಿ ಬಾ ಎಂದಾಗಲೆಲ್ಲ, ಮೂರು ಗಂಟೆ ದಾರಿ ಕಣವ್ವ, ಮನಸ್ಸು ಮಾಡಿದರೆ ಬೆಳಗಿನ ತಿಂಡಿಗೆ ನಿನ್ನ ಮನೆಯಲ್ಲಿರುತ್ತೇನೆ ಎನ್ನುತ್ತಿದ್ದೆ. ಅವಳ ಗೃಹಪ್ರವೇಶಕ್ಕೆ ಹಾಗೆ ಹೇಳಿದೆ, ಹೋಗಲಿಲ್ಲ. ಅವಳ ಗಂಡ ತೀರಿಕೊಂಡಾಗಲೂ ಹೇಳಿದೆ. ಅಂಗೈಯಲ್ಲಿ ಆಕಾಶ ತೋರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಆದರೆ ಅವಳ ಒಬ್ಬಳೇ ಮಗಳು ಮಧುಶ್ರೀಯ ಮದುವೆಗೆ ಹೋಗದಿರುವುದುಂಟೆ? ನಮ್ಮಲ್ಲಿ ಹೆಣ್ಣಿನ ಕೈಹಿಡಿದು ಮಂಟಪಕ್ಕೆ ತರುವವನು ಸೋದರಮಾವ. ಅವನಿಗೆ ಹೊಸ ಪಂಚೆ, ಅಂಗಿ, ಪೇಟ. ಹೆಂಡತಿ ಮಕ್ಕಳಿಲ್ಲದ ನನಗೆ ಈ ಭೂಮಿಯ ಮೇಲೆ ನನ್ನದೇ ಅಂತ ಇದ್ದ ಜಾಗ ಅದೊಂದೇ. ಟಿಕೆಟ್ ತೆಗೆದೆ. ಎರಡು ದಿನ ಮುಂಚೆ ಬಾ ಎಂದು ತಂಗಿ ಒಂದು ಸಲ ಹೇಳಿದಳು, ನಾನು ನಕ್ಕೆ. ಅವಳೂರಿನ ಪಕ್ಕದ ಕಾಮಗೆರೆಯ ಛತ್ರದಲ್ಲಿ ಹತ್ತೂವರೆಗೆ ಮುಹೂರ್ತ, ಎಂಟೂ ಇಪ್ಪತ್ತಕ್ಕೆ ವಿಮಾನ ಇಳಿಯುತ್ತದೆ, ಇನ್ನೇನು ಬೇಕು?

ದೆಹಲಿಯಲ್ಲಿ ನಿನ್ನೂರು ಯಾವುದು ಎಂದು ಕೇಳಿದವರಿಗೆ ಕೊಳ್ಳೇಗಾಲ ಎಂದರೆ ತಿಳಿಯುವುದಿಲ್ಲ. ಬೆಂಗಳೂರು ಎಂದುಬಿಡುತ್ತಿದ್ದೆ. ಹೇಳಿ ಹೇಳಿ ನನಗೇ ಬೆಂಗಳೂರು ನಮ್ಮ ಮನೆಯ ಹಿತ್ತಿಲಾಗಿತ್ತು. ವಿಮಾನ ಇಳಿದು ಟ್ಯಾಕ್ಸಿಯವನನ್ನು ಕೇಳಿದೆ. ಕಾಮಗೆರೆಗೆ ನಾಲ್ಕೂವರೆ ಗಂಟೆಯಾದರೂ ಬೇಕು ಎಂದ. ಊರು ಬಿಟ್ಟಾಗ ಅದೇ ದಾರಿಯಲ್ಲಿ ಇಡೀ ಅರ್ಧ ದಿನ ಬಸ್ಸಿನಲ್ಲಿ ಕೂತು ಬಂದಿದ್ದ ಮನುಷ್ಯ ನಾನು, ಅದನ್ನು ಮರೆತಿದ್ದೆ. ಹೇಗಾದರೂ ಮುಹೂರ್ತ ಮುಂದಕ್ಕೆ ಹಾಕಿ ಎಂದು ಹೇಳಲು ದಾರಿಯುದ್ದಕ್ಕೂ ಫೋನ್ ಮಾಡಿದೆ. ಮದುವೆ ಮನೆಯಲ್ಲಿ ಫೋನ್ ಎತ್ತುವವರು ಯಾರು? ಕೊಳ್ಳೇಗಾಲ ದಾಟುವಾಗ ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಅಳು ಬಂತು.

ಛತ್ರ ತಲುಪಿದಾಗ ಎರಡನೇ ಪಂಕ್ತಿ ಊಟ ನಡೆಯುತ್ತಿತ್ತು. ಮಧುಶ್ರೀಯ ಕತ್ತಿನಲ್ಲಿ ತಾಳಿ ಇತ್ತು. ಅವಳು ಗಂಡನ ಜೊತೆ ಬಂದು ಕಾಲಿಗೆ ಬಿದ್ದಳು, ಇವರು ಡೆಲ್ಲಿ ಮಾವ ಎಂದು ಅವನಿಗೆ ಪರಿಚಯ ಮಾಡಿಸಿದಳು. ತಂಗಿಯ ನೆರೆಮನೆಯ ಉದಯಕುಮಾರ್ ಪೇಟ ಸುತ್ತಿಕೊಂಡು ಪಾಯಸ ಬಡಿಸುತ್ತಿದ್ದ. ಹೊಸ ಅಂಗಿ ಅವನ ಭುಜಕ್ಕೆ ಸರಿಯಾಗಿ ಕೂತಿತ್ತು. ನನಗೆ ತಡವಾಯಿತೆಂದು ಅವಸರದಲ್ಲಿ ಅವನನ್ನು ಹಿಡಿದು ತಂದದ್ದಲ್ಲ, ಅಳತೆ ಕೊಟ್ಟು ಹೊಲಿಸಿದ ಅಂಗಿ.

ಶಿವನಂಜಮ್ಮ ನನಗೆ ಎಲೆ ಹಾಕಿ ಎದುರು ಕೂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾವನ ಜಾಗಕ್ಕೆ ನಿಲ್ಲಲು ಉದಯನಿಗೆ ನೀನು ಯಾವಾಗ ಹೇಳಿದ್ದೆ ಎಂದು ಕೇಳಿದೆ.

"ಮದ್ವೆ ಗೊತ್ತಾದ್ ದಿನ್ವೇ ಏಳಿದ್ದೆ," ಎಂದಳು, ಅನ್ನದ ಮೇಲೆ ತುಪ್ಪ ಹಾಕುತ್ತ. "ದೂರ ಕಣವ್ವ, ಬರಕ್ಕಾಗಲ್ಲ ಅಂತ ಒಂದ್ಸಲನಾರ ಅಂದಿದ್ರೆ ಕಾಯ್ತಿದ್ದೆ ಕಣಣ್ಣ. ಮೂರೇ ಗಂಟೆ ಅಂತಿದ್ಯಲ್ಲ, ಅದ್ಕೆ ಕಾಯಾದ್ನೆ ಬುಟ್ಬುಟ್ಟೆ."