ಬಲಗಾಲು

"ಮಾವ, ಕಾಲು!"

ಸ್ಪೀಕರಿನಲ್ಲಿ ಅಳಿಯನ ದನಿ ಬಂದದ್ದೇ ತಡ, ಕೆಂಡ ತುಳಿದವರಂತೆ ಅಪ್ಪ ಬಲಗಾಲನ್ನು ಪೆಡಲಿನಿಂದ ಎತ್ತಿದರು. ಪರದೆಯ ಮೇಲೆ ರನ್‌ವೇ ಓರೆಯಾಗಿ ಜಾರುತ್ತಿತ್ತು. ಕೈಯಲ್ಲಿದ್ದ ಕೋಲನ್ನೆಳೆದು ವಿಮಾನವನ್ನು ಮತ್ತೆ ಮೇಲಕ್ಕೇರಿಸಿದರು. ಅವರು ಕೂತಿದ್ದ, ನೆಲದ ಮೇಲಿನ ಕಂಟ್ರೋಲ್ ಕ್ಯಾಬಿನ್ನಿನ ಛಾವಣಿಯ ಮೇಲೆ ಸದ್ದು ಗುಡುಗಿಹೋಯಿತು. ಹಿಂದೆ ನಿಂತಿದ್ದ ಮಗಳು ಅಪ್ಪನ ಕುರ್ಚಿಯ ಬೆನ್ನು ಹಿಡಿದುಕೊಂಡಳು.

ವಯಸ್ಸಾಯಿತೆಂದು ಮೂಲೆ ಸೇರಿದ್ದ ಯುದ್ಧವಿಮಾನ ಅದು. ಇನ್ನು ಮೇಲೆ ಪೈಲಟ್ ಇಲ್ಲದೆ, ನೆಲದಿಂದಲೇ ಅದನ್ನು ಹಾರಿಸಿ, ಕ್ಷಿಪಣಿ ಹೊಡೆಯುವವರ ಅಭ್ಯಾಸಕ್ಕೆ ಗುರಿಯಾಗಿ ಒಡ್ಡಬೇಕು. ಅದಕ್ಕೆಂದು ರೆಕ್ಕೆಗಳ ತುದಿಗೆ ಕಿತ್ತಳೆ ಬಣ್ಣ ಬಳಿದು, ಹೊಟ್ಟೆಯೊಳಗೆ ಹೊಸ ತಂತಿ ಎಳೆದಿದ್ದರು. ತಂತಿ ಎಳೆದವಳು ಮಗಳು. ನೆಲದಲ್ಲಿ ಕೂತು ಹಾರಿಸುವವರು, ಇದೇ ವಿಮಾನದೊಳಗೆ ಕೂತು ತಲೆ ನರೆಸಿಕೊಂಡ ಅಪ್ಪ. ಇವತ್ತಿನ ಪರೀಕ್ಷೆಗೆ ಮಾತ್ರ ಒಳಗೆ ಒಬ್ಬ ಇರಬೇಕು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಏನಾದರೂ ಕೆಟ್ಟರಷ್ಟೇ ಹಿಡಿಯುವುದಕ್ಕೆ. ಆ ಒಬ್ಬ ಅವಳ ಗಂಡ.

"ಬೆಳಿಗ್ಗೆನೇ ಹೇಳಿದ್ನಲ್ಲಪ್ಪ, ಇಳಿಯೋವಾಗ ಎಡಕ್ಕೆ ಎಳೆಯೋ ವಿಮಾನದ ಚಾಳಿ ಬಿಡಿಸಿದೀವಿ ಅಂತ. ಈಗ ಕಂಪ್ಯೂಟರೇ ತಿದ್ದಿಕೊಳ್ಳುತ್ತೆ," ಎಂದಳು ಮಗಳು.

"ಅದರ ಚಾಳಿ ಬಿಡಿಸಿದೀರಿ ಕಣೇ. ಅದಕ್ಕೆ ಬಲಗಾಲು ತುಳಿದೂ ತುಳಿದೂ ಬಂದ ನನ್ನ ಚಾಳಿ ಯಾರು ಬಿಡಿಸ್ತಾರೆ?" ಅಪ್ಪ ಮೈಕಿನತ್ತ ಬಾಗಿದರು. "ಅಳಿಯಂದ್ರೇ, ನೀವೇ ಇಳಿಸಿಬಿಡಿ. ನನ್ನ ಕಾಲು ನನ್ನ ಮಾತು ಕೇಳ್ತಿಲ್ಲ."

"ಮುಂದಿನ ಸಲ ಇಲ್ಲಿ ಯಾರೂ ಇರಲ್ಲ ಮಾವ. ಕಾಲು ಮಾತು ಕೇಳೋ ಹಾಗೆ ಇವತ್ತೇ ಮಾಡಬೇಕು. ಇನ್ನೊಂದು ಸಲ ನೋಡಿ, ನಾನು ಹಾಯಾಗಿ ಕೂತಿದೀನಿ."

ಸುಳ್ಳು ಹೇಳುವಾಗ ಅವನ ದನಿ ಎಲ್ಲಿ ತೆಳ್ಳಗಾಗುತ್ತದೆಂದು ಹೆಂಡತಿಗೆ ಗೊತ್ತಿತ್ತು.

"ಇದೇನು ವೈರ್‌ಲೆಸ್ಸೋ, ಬೀಗರ ಮನೆಯೋ?" ಎಂದರು ಪಕ್ಕದಲ್ಲಿ ಕೂತಿದ್ದ ಮುಖ್ಯ ಎಂಜಿನಿಯರು. ಯಾರೂ ನಗಲಿಲ್ಲ, ಅವರೂ ನಗಲಿಲ್ಲ.

ವಿಮಾನ ದೂರದಲ್ಲಿ ಸುತ್ತು ಹಾಕಿ ಮತ್ತೆ ರನ್‌ವೇಗೆ ಮುಖ ಮಾಡಿತು. ಮಗಳು ಮೇಜಿನ ಕೆಳಗೆ ನುಸುಳಿ, ಅಪ್ಪನ ಬಲಗಾಲಿನ ಹರಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಏನೇ ಇದು?"

"ನೀನು ಮೇಲೆ ನೋಡಪ್ಪ."

"ನಿಜವಾಗ್ಲೂ ತುಳಿಯಬೇಕಾಗಿ ಬಂದ್ರೆ?"

"ಬಿಡು ಅನ್ನು. ಬಿಡ್ತೀನಿ."

ಅಲ್ಲಿಂದ ಪರದೆ ಕಾಣುತ್ತಿರಲಿಲ್ಲ. ಧೂಳು ಮೆತ್ತಿದ ತಂತಿಗಳು, ಅಪ್ಪನ ಸವೆದ ಬೂಟು, ಎಂಜಿನಿಯರು ಗಟ್ಟಿಯಾಗಿ ಓದುತ್ತಿದ್ದ ಎತ್ತರದ ಅಂಕಿ, ಇಷ್ಟೇ. ಎತ್ತರ ಇಳಿಯುತ್ತಾ ಬಂತು. ಕೊನೆಗೆ ಎಂಜಿನಿಯರು ಓದುವುದನ್ನು ನಿಲ್ಲಿಸಿದರು.

ಆಗ ಅವಳ ಅಂಗೈಯೊಳಗೆ ಅಪ್ಪನ ನರ ಬಿಗಿಯಿತು. ಕಾಲು ಪೆಡಲಿನ ಕಡೆಗೆ ಒತ್ತಿತು. ಚಾಳಿಯೋ, ನಿಜವಾಗಿಯೂ ಬೇಕೋ?

"ಅಪ್ಪ?"

ಕಾಲು ಇನ್ನೂ ಜೋರಾಗಿ ಒತ್ತಿತು. ಅಪ್ಪ ಬಿಡು ಎನ್ನಲಿಲ್ಲ. ಅವಳು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಇಡೀ ಮೈಭಾರ ಹಾಕಿ ಹಿಡಿದಳು.

ಸ್ಪೀಕರಿನಲ್ಲಿ ಚಕ್ರ ಕಿರುಚಿತು. ಆಮೇಲೆ ಉದ್ದನೆಯ ಗರಗರ.

"ನಿಂತಿತು," ಎಂದ ಗಂಡ.

ಯಾರೋ ಚಪ್ಪಾಳೆ ತಟ್ಟಿದರು, ಕುರ್ಚಿಗಳು ಸರಿದವು. "ಸಾಕು ಬಿಡೇ, ಕಾಲು ಜೋಮು ಹಿಡೀತು," ಎಂದರು ಅಪ್ಪ. ಅವಳ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆಯಿತು. "ಎಲ್ಲಿ ಇವಳು?" ಎನ್ನುತ್ತಾ ಗಂಡ ಮೇಜಿನ ಬಳಿ ಬಂದು ನಿಂತ. ಕೆಳಗಿನಿಂದ ಅವಳಿಗೆ ಅವನ ಸೊಂಟದವರೆಗೆ ಮಾತ್ರ ಕಾಣುತ್ತಿತ್ತು. ಹಾರಾಟದ ಉಡುಪಿನ ಎರಡೂ ತೊಡೆಗಳ ಮೇಲೆ, ಬೆವರಿನಲ್ಲಿ ಒದ್ದೆಯಾಗಿ, ಬೆರಳು ಬೆರಳೂ ತಿಳಿಯುವಂತೆ ಎರಡು ಅಂಗೈಗಳು ಮೂಡಿದ್ದವು.